ಒಂದನೆಯ ಉಲ್ಲೇಖ

ಬೃಹಸ್ಪತಿಯವರನ್ನು ಉಲ್ಲೇಖಿಸದ ವಿಜ್ಞಾನಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ತೊಟ್ಟಿಲಲ್ಲಿ ಅವರ ಹೆಸರು ಹೇಳಿಯೇ ಅಳು ಶುರುಮಾಡುತ್ತಾನೆ. ಸೇತುವೆ ಕಟ್ಟುವವರಾಗಲಿ, ಜೇನು ಸಾಕುವವರಾಗಲಿ, ಮೂತ್ರಪಿಂಡದ ಕಲ್ಲು ಒಡೆಯುವವರಾಗಲಿ, ಪ್ರಬಂಧ ಬರೆದರೆ ಆಕರಪಟ್ಟಿಯ ನೆತ್ತಿಯ ಮೇಲೆ ಅವರೇ. "ಈ ವಿಷಯದಲ್ಲಿ ಇನ್ನೂ ಸಾಕಷ್ಟು ಸಂಶೋಧನೆ ನಡೆಯಬೇಕಿದೆ" ಎಂಬ ಮಹಾಸತ್ಯವನ್ನು ಸಾಧಿಸಿದ ಪುಣ್ಯಾತ್ಮ ಅವರೊಬ್ಬರೇ. ಅವರನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ.

ಕಾಣಲೇಬೇಕಾದ ಸಂಕಟ ಬಂದದ್ದು ಬಸವನಹುಳುವಿನ ಲೋಳೆಯ ಮೇಲೆ ಪಿಎಚ್.ಡಿ. ಮಾಡಿದ ಹುಡುಗಿಗೆ. ಮರುದಿನ ಮೌಖಿಕ ಪರೀಕ್ಷೆ. ಪರೀಕ್ಷಕರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಕತ್ತರಿ. ಕತ್ತರಿಯವರಿಂದ ಸಂದೇಶ ಬಂತು: "ಒಂದನೆಯ ಉಲ್ಲೇಖದ ಪ್ರತಿ ತನ್ನಿ. ಅದನ್ನು ನೋಡದೆ ಸಹಿ ಹಾಕುವುದಿಲ್ಲ."

ಹುಡುಗಿ ಸೋದರಮಾವನ ಅಂಗಡಿಗೆ ಓಡಿದಳು. ಪ್ರಬಂಧಗಳು ಅಚ್ಚಿಗೆ ಸಿದ್ಧವಾಗುವುದು ಅಲ್ಲೇ. ಪ್ರಬಂಧ ಜೋಡಿಸುವ ಲೇಟೆಕ್ ಎಂಬ ತಂತ್ರಾಂಶದಲ್ಲಿ ಮಾವ ಮಾಡಿಟ್ಟ ಮಾದರಿ ಕಡತವನ್ನು ಎಲ್ಲರೂ ಒಯ್ದು, ಅದರೊಳಗೇ ತಮ್ಮ ಸಂಶೋಧನೆ ತುಂಬುತ್ತಾರೆ. ಪಠ್ಯದಲ್ಲಿ ಒಂದು ಗುರುತು ಕೊಟ್ಟರೆ ಸಾಕು, ತಂತ್ರಾಂಶವೇ ಸಂಖ್ಯೆ ಹಾಕಿ ಆಕರಪಟ್ಟಿ ಜೋಡಿಸುತ್ತದೆ. ಗುರುತು ತಪ್ಪಿದರೆ ಸಂಖ್ಯೆಯ ಜಾಗದಲ್ಲಿ ಪ್ರಶ್ನೆಚಿಹ್ನೆ. ಮಾವ ಒಮ್ಮೆ ಕೆಮ್ಮಿದರೆ ಸಾವಿರ ಪ್ರಶ್ನೆಚಿಹ್ನೆಗಳು ಬೆದರಿ ಸಂಖ್ಯೆಗಳಾಗುತ್ತಿದ್ದವು. ಅಂಥ ಪ್ರತಾಪಿ ಅವರು!

"ಮಾವ, ಬೃಹಸ್ಪತಿ ಲೇಖನ ಬೇಕು. ಈಗ್ಲೇ."

ಚಹಾ ಲೋಟ ಮಾವನ ತುಟಿಯ ಹತ್ತಿರವೇ ನಿಂತಿತು. "ನೀನು ಓದಿಲ್ವಾ?"

"ಉಳಿದದ್ದೆಲ್ಲ ಓದಿದ್ದೀನಿ. ಇದೊಂದೇ ಎಲ್ಲೂ ಸಿಗ್ತಿಲ್ಲ."

"ಅದು ಹಾಗೆಲ್ಲ ಓದೋ ಅಂಥದ್ದಲ್ಲ ಪುಟ್ಟಿ. ಬರೆದೋನೇ ಇನ್ನೂ ಓದಿಲ್ಲ."

"ಅವರು ನಿಮಗೆ ಗೊತ್ತಾ?"

"ಹುಟ್ಟಿದಾಗಿನಿಂದ."

ಮಗಳ ಹಿಂದೆಯೇ ಬಂದಿದ್ದ ತಾಯಿ, ಅಂದರೆ ಮಾವನ ಅಕ್ಕ, ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಇವನೊಬ್ಬ ದೊಡ್ಡ ಬೃಹಸ್ಪತಿ! ಮಗು ಕಣ್ಣಲ್ಲಿ ನೀರು ಹಾಕ್ತಿದೆ, ಇವನಿಗೆ ತಮಾಷೆ. ಚಿಕ್ಕಂದಿನಿಂದ ಹೀಗೇ!"

ಹುಡುಗಿಯ ಕಣ್ಣೀರು ಅಲ್ಲೇ ನಿಂತಿತು. ಅಮ್ಮನನ್ನು ನೋಡಿದಳು. ಮಾವನನ್ನು ನೋಡಿದಳು.

"ಮಾವ... ನೀವೇನಾ?"

ಮಾವ ಗಂಭೀರವಾಗಿ ಕನ್ನಡಕ ಒರೆಸಿಕೊಂಡರು.

ಮರುದಿನ ಅವಳು ಕತ್ತರಿಯವರ ಕೋಣೆಗೆ ಬರಿಗೈಯಲ್ಲಿ ಹೋಗಲಿಲ್ಲ. ಕೈಯಲ್ಲಿ ಮಾವನ ತೋಳಿತ್ತು.

"ಲೇಖನ ಸಿಗಲಿಲ್ಲ ಸರ್. ಲೇಖಕರನ್ನೇ ತಂದಿದ್ದೀನಿ."

ಕತ್ತರಿಯವರು ಕುರ್ಚಿಯಿಂದ ಎದ್ದ ರಭಸಕ್ಕೆ ಕಟ್ಟಡವೇ ಒಂದು ಅಂಗುಲ ಸರಿಯಿತು. ಬಾಗಿಲು ಮುಚ್ಚಿ, ಮಾವನ ಎರಡೂ ಕೈ ಹಿಡಿದು, ಪಿಸುದನಿಯಲ್ಲಿ ಅಂದರು: "ಎಷ್ಟು ಹುಡುಕಿದೆ ನಿಮ್ಮನ್ನ! ನನ್ನ ಥೀಸಿಸ್‌ನಲ್ಲೂ ಮೊದಲನೇದು ನೀವೇ ಸ್ವಾಮಿ. ಯಾರಾದ್ರೂ ಕೇಳಿದ್ರೆ ಏನು ಹೇಳೋದು ಅಂತ ಹೆದರ್ಕೊಂಡೇ ಇದ್ದೀನಿ. ಇವತ್ತಾದ್ರೂ ಹೇಳಿ, ಆ ಲೇಖನದಲ್ಲಿ ಏನಿದೆ?"

ಮೇಜಿನ ಮೇಲೆ ಸಹಿಯಿಲ್ಲದ ಹಾಳೆ. ಬಾಗಿಲ ಬಳಿ ಉಗುರು ಕಚ್ಚುತ್ತಿದ್ದ ಸೋದರಸೊಸೆ. ಮಾವ ಬಗ್ಗಿ ಕತ್ತರಿಯವರ ಕಿವಿಯಲ್ಲಿ ಏನೋ ಉಸುರಿದರು.

ಕತ್ತರಿಯವರ ಮುಖ ಕೆಂಪಾಯಿತು, ಆಮೇಲೆ ಬಿಳಿ. ಗಂಟಲು ಸರಿಮಾಡಿಕೊಂಡರು. "ಆ ಮೊದಲನೇದು ತೆಗೆದುಬಿಡಮ್ಮ. ಉಳಿದದ್ದರ ಮೇಲೆ ಪ್ರಶ್ನೆ ಕೇಳ್ತೀನಿ."

ಕೇಳಿದರು. ಲೋಳೆಯ ಬಗ್ಗೆ ಅವಳು ಎಡವದೆ ಉತ್ತರಿಸಿದಳು. ಸಹಿ ಬಿತ್ತು.

ಹೊರಗೆ ಬಂದವಳು ದಾರಿಗೆ ಅಡ್ಡ ನಿಂತಳು. "ಕಿವಿಯಲ್ಲಿ ಏನು ಹೇಳಿದ್ರಿ? ನಿಜ ಹೇಳದೆ ಇಲ್ಲಿಂದ ಕದಲೋ ಹಾಗಿಲ್ಲ."

ಸರಿ, ಸಿಕ್ಕಿಬಿದ್ದೆ. ಇಷ್ಟು ಹೊತ್ತು ಬಹುವಚನ ಕೊಟ್ಟು ಮೆರೆಸಿದ ಆ ಮಾವ ನಾನೇ, ಲೇಖನ ಮಾತ್ರ ಇಲ್ಲವೇ ಇಲ್ಲ. ಆಕರಪಟ್ಟಿ ಖಾಲಿ ಬಿಟ್ಟರೆ ತಂತ್ರಾಂಶ ತಕರಾರು ತೆಗೆಯುತ್ತದೆಂದು, ಅಕ್ಕ ಬೈಯುವ ಹೆಸರಿನಲ್ಲಿ ಸುಳ್ಳು ಲೇಖನವೊಂದನ್ನು ಮಾದರಿ ಕಡತಕ್ಕೆ ಸೇರಿಸಿದ್ದೆ. ಸಂಖ್ಯೆ ಸರಿಯಾಗಿ ಬೀಳುತ್ತದೋ ನೋಡಲು ಆ ಮಹಾಸತ್ಯದ ವಾಕ್ಯವನ್ನೂ ಗೀಚಿದ್ದೆ.

ಪಕ್ಕದಲ್ಲೇ "ನಿಮ್ಮದನ್ನು ಬರೆದು ಇದನ್ನು ಅಳಿಸಿ" ಎಂದೂ ಹಾಕಿದ್ದೆ. ಕತ್ತರಿಯವರ ಕತ್ತರಿಯೂ ಅಲ್ಲಿ ಆಡಲಿಲ್ಲ.