ಎಡಕ್ಕೂ ಬೀಳದ, ಬಲಕ್ಕೂ ಬೀಳದ ಹೂ

ಆಪರೇಷನ್ ಕೋಣೆಯ ಬಾಗಿಲ ಪಕ್ಕದಲ್ಲೇ ದೇವಿಯ ಗೂಡು. ಬೇಡಿಕೊಂಡು ದೇವಿಯ ತಲೆಯ ಮೇಲೆ ಹೂವಿಡಬೇಕು. ಅದು ಬಲಕ್ಕೆ ಬಿದ್ದರೆ ರೋಗಿ ಬದುಕುತ್ತಾನೆ, ಎಡಕ್ಕೆ ಬಿದ್ದರೆ ಇಲ್ಲ. ಅಜ್ಜಿಯರ ಕಾಲದಲ್ಲಿ ಹೂ ಆಗಾಗ ತಪ್ಪು ಹೇಳುತ್ತಿತ್ತಂತೆ. ಈಗ ತಪ್ಪುವುದೇ ಇಲ್ಲ. ಹಾಗಾಗಿ ಎಡಕ್ಕೆ ಬಿದ್ದರೆ ಡಾಕ್ಟರು ಕತ್ತರಿ ಮುಟ್ಟುವುದಿಲ್ಲ.

ಬಾಳವ್ವನಿಗಿಂತ ಮೊದಲು ಹೂವಿಟ್ಟವನು ಹೆಂಡತಿಯ ಸ್ಟ್ರೆಚರನ್ನು ಹೊರಬಾಗಿಲಿನತ್ತ ತಳ್ಳಿಕೊಂಡು ಹೊರಟಿದ್ದ. ಆಕೆ ಇನ್ನೂ ಮಾತಾಡುತ್ತಿದ್ದಳು.

ಒಳಗೆ ಬಾಳವ್ವನ ಮಗಳು ಕಸ್ತೂರಿ ಮಲಗಿದ್ದಳು.

"ಲಗೂನ ಇಡಬೇ, ಡಾಕ್ಟರು ಕಾಯಾಕತ್ತಾರ," ಎಂದಳು ನರ್ಸ್.

ಬಾಳವ್ವ ಒದ್ದೆ ದಾಸವಾಳವನ್ನಿಟ್ಟು ಕೈಮುಗಿದಳು. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ಆಮೇಲೆ ಸಣ್ಣಗೆ ನಡುಗಿತು. ಅದು ಯಾವ ಕಡೆ ವಾಲುತ್ತದೆಂದು ಕಾಣುವ ಮೊದಲೇ ಬಾಳವ್ವ ಕಣ್ಣು ಮುಚ್ಚಿ, ಗಬಕ್ಕನೆ ಹಿಡಿದು, ತುರುಬಿಗೆ ಸಿಕ್ಕಿಸಿಕೊಂಡಳು.

ನರ್ಸ್ ಚೀರಿದಳು. ಒಬ್ಬ ರೋಗಿಗೆ ಒಂದೇ ಹೂ. ಎರಡನೆಯದಕ್ಕೆ ದೇವಿ ಉತ್ತರ ಕೊಡುವುದಿಲ್ಲ.

ಡಾಕ್ಟರ್ ಹೊರಬಂದರು. "ಯಾವ ಕಡೆ ಬಿತ್ತು?"

"ಬೀಳಾಕ ಬಿಡಲಿಲ್ರಿ."

"ಬದುಕತಾಳೋ ಇಲ್ಲೋ ಗೊತ್ತಿಲ್ದ ನಾ ಹೆಂಗ ಕೈ ಹಚ್ಚಲಿ?"

"ಗೊತ್ತಿಲ್ದನ ಹಚ್ರಿ," ಎಂದಳು ಬಾಳವ್ವ.

ಡಾಕ್ಟರು ಗೂಡಿನ ಕಡೆ ತಿರುಗಿದರು. ಇಷ್ಟು ವರ್ಷ ಅವರು ನೋಡಿದ್ದು ಬಿದ್ದ ಹೂಗಳನ್ನು ಮಾತ್ರ. ಇವತ್ತು ಮೊದಲ ಸಲ ದೇವಿಯ ಮುಖ ನೋಡಿದರು. ಚಪ್ಪಲಿ ಬಿಟ್ಟು, ಕೈಮುಗಿದು, ಕಸ್ತೂರಿ ಮಲಗಿದ್ದ ಕೋಣೆಯೊಳಗೆ ಹೋದರು.