ಪರಾಗಕ್ಕೂ ರೋಸ್

ತೆಂಗಿನ ಹಾಲಿನ ಗೆರಟೆ ಮೊಮ್ಮಗಳ ತಲೆಯ ಮೇಲೆ ಬಾಗುವಷ್ಟರಲ್ಲಿ ಫೋನು ರಿಂಗಾಯಿತು. ನಾಳೆ ಮದುವೆ, ಇಂದು ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ವಾಮಂಜೂರಿನ ಮನೆಯ ಚಪ್ಪರದಡಿ ಹಾಲು ಹಚ್ಚಿಸಿಕೊಳ್ಳಲು ಕೂತ ಮದುಮಗಳು ನಡುವೆ ಏಳುವಂತಿಲ್ಲ. ಆದರೆ ಮೆಲಿಸಾಳ ಮುಖ ಬಿಳಿಚಿತ್ತು.

"ಲ್ಯಾಬಿನಿಂದ, ವಡ್ಲಿಮಾಯ್. ನನ್ನ ಮೂರು ವರ್ಷದ ಕೆಲಸ ಇದೊಂದು ರಿಸಲ್ಟಿನಲ್ಲಿ ಉಂಟು."

ಅಜ್ಜಿ ಉರ್ಸುಲಾಬಾಯಿ ಗೆರಟೆ ಕೆಳಗಿಟ್ಟು, ಫೋನನ್ನು ತಾವೇ ಅವಳ ಮುಂದೆ ಹಿಡಿದರು.

"ಸಿಕ್ಕಿತು ಮಾರಾಯ್ತಿ," ಜೊತೆಗೆ ಕೆಲಸ ಮಾಡುವ ರಾಹಿಲಾಳ ದನಿ ಸ್ಪೀಕರಿನಲ್ಲಿ ಕೇಳಿತು. "ಆ ಹಳೇ ಕಲ್ಲಿನೊಳಗೆ ಉಳಿದ ಪರಾಗದಲ್ಲಿ ನೀನು ಹೇಳಿದ್ದು ಉಂಟು, ಅದೂ ಧಾರಾಳ. ಇನ್ನು ನೆಮ್ಮದಿಯಲ್ಲಿ ಮದುವೆ ಆಗು."

ಮೆಲಿಸಾ ಆಗಲೇ ಹಾಲು ಹಚ್ಚಿದ್ದ ಕೈಗಳಲ್ಲೇ ಅಜ್ಜಿಯನ್ನು ಅಪ್ಪಿಕೊಂಡಳು.

"ಎಂತ ಉಂಟು ಅದರಲ್ಲಿ?" ಅಜ್ಜಿ ಕೇಳಿದರು.

"ಕೋಟಿಗಟ್ಟಲೆ ವರ್ಷದ ಹಿಂದೆ ಬಿಸಿಲಿನ ಕೆಟ್ಟ ಕಿರಣ ಹೆಚ್ಚಾಯಿತು, ಭೂಮಿಯ ಜೀವಗಳು ಸಾಯುತ್ತಾ ಬಂದವು. ಆಗ ಮರಗಳು ತಮ್ಮ ಪರಾಗಕ್ಕೆ ಸನ್‌ಸ್ಕ್ರೀನಿನಂಥದ್ದು ಹಚ್ಚಿದವು. ಅದು ಇನ್ನೂ ಅಳಿದಿಲ್ಲ."

"ಹಾಗಾದರೆ ಅದು ರೋಸೇ ಅಲ್ಲವಾ?" ಎಂದರು ಉರ್ಸುಲಾಬಾಯಿ. ಎಷ್ಟೋ ಮದುವೆಗಳಲ್ಲಿ ವೊವಿಯೊ ಹಾಡಿದ ಗಂಟಲು ಅವರದು. ಕೆಮ್ಮಿ ಸರಿಮಾಡಿಕೊಂಡು, ಯಾರೂ ಕೇಳಿರದ ಸಾಲೊಂದನ್ನು ಎತ್ತಿದರು: ಬಿಸಿಲು ಸುಡುವ ಕಾಲದಲ್ಲಿ ಮರದವ್ವ ತನ್ನ ಮಕ್ಕಳಿಗೆ ರೋಸ್ ಹಚ್ಚಿದಳು. ಸುತ್ತ ಸೇರಿದ್ದ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಆಮೇಲೆ ಚಪ್ಪರ ಹಾರಿಹೋಗುವ ಹಾಗೆ ದನಿಗೂಡಿಸಿದರು.