ತಾರೀಖಿಲ್ಲದ ಮಳೆ

“ಇದ್ರಲ್ಲಿರೋ ವಿಂಡೋಸ್ ಹನ್ನೊಂದನ್ನ ತೆಗೆದು ಏಳು ಹಾಕ್ಕೊಡು ಮಾರಾಯ,” ಎನ್ನುತ್ತ ಗಂಗಾಧರಪ್ಪ ಹೊಚ್ಚ ಹೊಸ ಲ್ಯಾಪ್‌ಟಾಪನ್ನು ಅಸದ್‌ನ ಮುಂದಿಟ್ಟರು. ಕೊಟ್ಟಿಗೆಹಾರದ ಆ ಪುಟ್ಟ ಕಂಪ್ಯೂಟರ್ ಅಂಗಡಿಗೆ ಹಳೆಯದನ್ನು ತೆಗೆಸಿ ಹೊಸದು ಹಾಕಿಸಲು ಬರುವವರೇ ಎಲ್ಲ. ಹೊಸದನ್ನು ತೆಗೆಸಲು ಬಂದವರು ಇವರೇ ಮೊದಲು.

“ಯಾಕೆ ಸಾರ್? ಮಗಳು ಕೊಡಿಸಿದ್ದಲ್ವಾ?”

“ಹೂಂ, ಭುವನಾ ಕೊಡಿಸಿದ್ದು. ಭಾನುವಾರ ಬರ್ತಾಳೆ. ಬಂದು ಬೈದ್ರೆ ಬೈಸ್ಕೊಳ್ತೀನಿ. ನನ್ನ ಮಳೆ ಲೆಕ್ಕ ಹೋದ್ರೆ ಯಾರು ತಂದ್ಕೊಡ್ತಾರೆ?”

ತೋಟದಲ್ಲಿ ಬಿದ್ದ ಮಳೆಯನ್ನು ಬೆಳಗಾದರೆ ಅಳೆದು ಬರೆದಿಡುವುದು ಆ ಮನೆಯಲ್ಲಿ ಅವರ ತಂದೆಯ ಕಾಲದಿಂದ ಬಂದ ಅಭ್ಯಾಸ. ಈಗ ಅಷ್ಟೂ ವರ್ಷಗಳ ಮಳೆ ‘ಮಳೆಮಾಪಿ’ ಎಂಬ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಮಾಡಿದವಳು ಅಸದ್‌ನ ಹೆಂಡತಿ ಶಬನಂ. ಬೇಕಾದವರು ಇಳಿಸಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಒಂದು ಪುಟವನ್ನೂ ಮಾಡಿ ಹಾಕಿದ್ದಳು. ಗಂಗಾಧರಪ್ಪ ಮೊಬೈಲಿನಲ್ಲಿ ಆ ಪುಟ ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟರು. ‘ವಿಂಡೋಸ್ 7ರಲ್ಲಿ ಕೆಲಸ ಮಾಡುತ್ತದೆ.’

“ಹನ್ನೊಂದರಲ್ಲೂ ಓಡುತ್ತೆ ಸಾರ್.”

“ಎಲ್ಲಿ ಬರೆದಿದೆ?”

“ಬರೆದಿಲ್ಲ. ನಾನು ಹೇಳ್ತಿದೀನಲ್ಲ!”

“ಹಿಂದೆ ಒಬ್ಬ ಹಿಂಗೇ ‘ಆಗುತ್ತೆ ಸಾರ್, ಆಗುತ್ತೆ’ ಅಂದಿದ್ದ. ಒಂದಿಡೀ ಮಳೆಗಾಲ ಅಳಿಸಿ ಹೋಯ್ತು.”

ಅಸದ್ ಒಳಗಿನ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. ಶಬನಂ ಕೈಗೆ ಮೆತ್ತಿದ ಅಕ್ಕಿಹಿಟ್ಟನ್ನು ಒರೆಸಿಕೊಳ್ಳುತ್ತ ಬಂದಳು. ಮೊದಲು ಅವರು ಜೊತೆಗೇ ತಂದಿದ್ದ ಹಳೆಯ ಲ್ಯಾಪ್‌ಟಾಪಿನಿಂದ ಮಳೆಯ ಲೆಕ್ಕವನ್ನೆಲ್ಲ ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದಳು. ಆಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ಮಳೆಮಾಪಿ ಹಾಕಿ, ಆ ಲೆಕ್ಕವನ್ನು ತುಂಬಿ ತೆರೆದಳು. ನಿನ್ನೆ ಬಿದ್ದ ಮಳೆಯವರೆಗೂ ಎಲ್ಲವೂ ಇತ್ತು.

ಗಂಗಾಧರಪ್ಪ ಕನ್ನಡಕ ಏರಿಸಿ ನೋಡಿದರು. “ಓಡ್ತಿದೆ, ಸರಿ. ಆದ್ರೆ ಬರೆದಿಲ್ವಲ್ಲ?”

ಅಸದ್ ತಲೆಯ ಮೇಲೆ ಕೈಯಿಟ್ಟುಕೊಂಡ. ಶಬನಂಗೆ ನಗು ಬಂತು. “ಹೊಸ ವಿಂಡೋಸ್ ಬಂದಾಗೆಲ್ಲ ಓಡಿಸಿ ನೋಡ್ತೀನಿ ಸಾರ್. ಪುಟ ತಿದ್ದೋದು ಮಾತ್ರ ನಾಳೆ ನಾಳೆ ಅಂತ ಉಳಿದ್ಹೋಯ್ತು,” ಎನ್ನುತ್ತ ಅಲ್ಲೇ ಸ್ಟೂಲೆಳೆದು ಕೂತು, ಪುಟ ತೆರೆದು, ಹಳೆಯ ಸಾಲನ್ನು ಅಳಿಸಲು ಹೊರಟಳು.

“ಏಯ್, ಅಳಿಸ್ಬೇಡ! ಏಳರಲ್ಲಿ ಈಗ್ಲೂ ಓಡುತ್ತೆ ತಾನೆ? ಪಕ್ಕದ ತೋಟದ ಲಕ್ಕಯ್ಯನ ಮನೇಲಿ ಇನ್ನೂ ಅದೇ ಇರೋದು. ಅದನ್ನ ನಂಬ್ಕೊಂಡೋರು ಏನು ಮಾಡ್ಬೇಕು? ಕೆಳಗೆ ಹೊಸದು ಬರಿ.”

ಶಬನಂ ಕೆಳಗೆ ಬರೆದಳು. “ಆಯ್ತಾ ಸಾರ್?”

“ತಾರೀಖು?”

“ಅದ್ಯಾಕೆ?”

“ಯಾವತ್ತು ಓಡಿಸಿ ನೋಡಿದ್ದು ಅಂತ ಗೊತ್ತಾಗ್ಬೇಡ್ವಾ? ತಾರೀಖಿಲ್ದೆ ಅಳೆದ್ರೆ ಅದು ಮಳೆ ಅಲ್ಲಮ್ಮ, ಬರೀ ನೀರು.”

ಶಬನಂ ತಾರೀಖು ಹಾಕಿದಳು. ಲ್ಯಾಪ್‌ಟಾಪ್ ಮುಚ್ಚಿ ಅವರ ಕೈಗೆ ಕೊಡುವಾಗ ಮೆಲ್ಲಗೆ ಕೇಳಿದಳು: “ನಿಮ್ಮ ಗೇಟಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಅಂತ ಬೋರ್ಡಿದೆಯಲ್ಲ ಸಾರ್, ಜಿಮ್ಮಿ ಸತ್ತು ಎಷ್ಟು ಮಳೆಗಾಲ ಆಯ್ತು? ಮೊನ್ನೆ ನಮ್ಮತ್ತೆ ನಿಮಗೆ ಅಂತ ಹಲ್ವಾ ತಂದಿದ್ರು. ಬೋರ್ಡ್ ನೋಡಿ ಹೆದರಿ, ಗೇಟಿಂದಾನೇ ವಾಪಸ್ ಬಂದ್ರು.”

ಅಸದ್ ಸುಮ್ಮನೆ ಕೆಮ್ಮಿದ. ಗಂಗಾಧರಪ್ಪ ಲ್ಯಾಪ್‌ಟಾಪನ್ನು ಚೀಲಕ್ಕಿಟ್ಟು, ನಿಧಾನವಾಗಿ ಜಿಪ್ ಎಳೆದರು. “ತೆಗೆಯೋಕೆ ಮನಸ್ಸು ಬರ್ಲಿಲ್ಲಮ್ಮ,” ಎಂದರು. ಹೊಸ್ತಿಲವರೆಗೆ ಹೋದವರು ನಿಂತರು. “ಹಲ್ವಾ ಏನಾಯ್ತು?”

“ನಾವೇ ತಿಂದ್ವಿ ಸಾರ್.”

ಸೋಮವಾರ ಬೆಳಿಗ್ಗೆ ಶಬನಂಳ ಮೊಬೈಲಿಗೆ ಒಂದು ಫೋಟೋ ಬಂತು. ಅದೇ ಗೇಟು, ಅದೇ ತುಕ್ಕು ಹಿಡಿದ ಬೋರ್ಡು. ಹಳೆಯ ಸಾಲು ಹಾಗೇ ಇತ್ತು. ಅದರ ಕೆಳಗೆ, ಇನ್ನೂ ಒಣಗದ ಬಿಳಿ ಬಣ್ಣದಲ್ಲಿ:

‘ಜಿಮ್ಮಿ ಈಗಿಲ್ಲ. ಹಲ್ವಾ ತಂದವರು ಒಳಗೆ ಬರಬಹುದು.’

ಅದರ ಕೆಳಗೆ, ತಾರೀಖು.